ಕಾರಿನ ತಂಪು ಕೆಟ್ಟಾಗ: ದೋಷ ಪತ್ತೆಯ ಚರಿತ್ರೆ

ಕಾರಿನ ಏಸಿ ತಂಪು ಕೊಡದಿದ್ದರೆ ನಮಗೆ ಸಾಮಾನ್ಯವಾಗಿ ಸಿಗುವ ಉತ್ತರ, "ಗ್ಯಾಸ್ ಕಮ್ಮಿಯಾಗಿದೆ, ತುಂಬಿಸಬೇಕು" ಎಂಬುದು. ಹಾಗಾದರೆ ಪೆಟ್ರೋಲಿನಂತೆ ಶೀತಕವೂ ಖರ್ಚಾಗುತ್ತದೆಯೆ? ಇಲ್ಲ. ಅದು ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುವ ವಸ್ತು. ಬಾಷ್ಪಕದಲ್ಲಿ ಆವಿಯಾಗುವಾಗ ಅದು ಕಾರಿನೊಳಗಿನ ಉಷ್ಣವನ್ನು ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತುತ್ತದೆ. ಮುಂಭಾಗದ ಕಂಡೆನ್ಸರಿನಲ್ಲಿ ಉಷ್ಣವನ್ನು ಹೊರಬಿಟ್ಟು ಅದು ಮತ್ತೆ ದ್ರವವಾಗುತ್ತದೆ. ರಬ್ಬರು ಕೊಳವೆಗಳ ಮೂಲಕ ವರ್ಷಗಳಲ್ಲಿ ಅಲ್ಪಸ್ವಲ್ಪ ಜಿನುಗುವುದುಂಟು. ಅದನ್ನು ಬಿಟ್ಟರೆ, ಕಮ್ಮಿಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಆ 'ಎಲ್ಲೋ' ಎಂಬುದನ್ನು ಹುಡುಕಿದ ಬಗೆಗೆ ಸ್ವಾರಸ್ಯಕರ ಚರಿತ್ರೆಯಿದೆ.

ಕಾರ್ಖಾನೆಯಲ್ಲೇ ಏಸಿ ಅಳವಡಿಸಿದ ಕಾರನ್ನು ಅಮೆರಿಕದ ಪ್ಯಾಕರ್ಡ್ ಕಂಪನಿ 1939ರಲ್ಲಿ ಪ್ರದರ್ಶಿಸಿತು. ತಂಪು ಸಾಕೆನಿಸಿದರೆ ಎಂಜಿನ್ ನಿಲ್ಲಿಸಿ, ಬಾನೆಟ್ ತೆರೆದು, ಕಂಪ್ರೆಸರಿನ ಬೆಲ್ಟನ್ನೇ ಬಿಚ್ಚಬೇಕಿತ್ತು! ಮುಂದೆ ಕಾರುಗಳಲ್ಲಿ ದಶಕಗಳ ಕಾಲ ಬಳಕೆಯಾದ ಶೀತಕ ಆರ್-12. ಥಾಮಸ್ ಮಿಜ್ಲಿ ಮತ್ತು ಸಂಗಡಿಗರು 1930ರಲ್ಲಿ ಪ್ರಕಟಿಸಿದ ಕ್ಲೋರೊಫ್ಲೂರೊಕಾರ್ಬನ್ ಅದು. ವಿಷವಲ್ಲ, ಉರಿಯುವುದಿಲ್ಲ, ವಾಸನೆಯೂ ಇಲ್ಲವೆನ್ನುವಷ್ಟು ಕಡಿಮೆ. ಈ ಸದ್ಗುಣಗಳೇ ಮೆಕ್ಯಾನಿಕ್‌ಗೆ ತೊಡಕಾದವು. ಹಿಂದಿನ ಶೀತಕಗಳಾದ ಅಮೋನಿಯ, ಸಲ್ಫರ್ ಡೈಆಕ್ಸೈಡ್‌ಗಳು ಸೋರಿದರೆ ಮೂಗೇ ಸಾಕಿತ್ತು. ಆರ್-12 ಸದ್ದಿಲ್ಲದೆ ಹೋಗಿಬಿಡುತ್ತಿತ್ತು.

ನೆರವಿಗೆ ಬಂದದ್ದು ರಸಾಯನ ವಿಜ್ಞಾನದ ಹಳೆಯ ಪರೀಕ್ಷೆ. ಕಾದ ತಾಮ್ರಕ್ಕೆ ಕ್ಲೋರಿನ್ ಇರುವ ಕಾರ್ಬನಿಕ ವಸ್ತು ತಗುಲಿದರೆ ಜ್ವಾಲೆ ಹಸಿರಾಗುತ್ತದೆಂದು ಬೈಲ್‌ಸ್ಟೈನ್ 1872ರಲ್ಲಿ ತೋರಿಸಿದ್ದ. ಇದೇ 'ಹ್ಯಾಲೈಡ್ ಟಾರ್ಚ್' ಆಯಿತು. ದೀಪಕ್ಕೆ ಗಾಳಿ ಎಳೆಯುವ ನಳಿಕೆಯ ತುದಿಯನ್ನು ಕೀಲು ಕೀಲಿಗೂ ಹಿಡಿಯುತ್ತ ಹೋಗುವುದು. ಜ್ವಾಲೆ ಹಸಿರಾದಲ್ಲಿ ಸೋರಿಕೆ. ಪೆಟ್ರೋಲ್ ಎಂಜಿನ್ನಿನ ಪಕ್ಕದಲ್ಲಿ ತೆರೆದ ಬೆಂಕಿ, ಸಾಲದ್ದಕ್ಕೆ ಶೀತಕ ಉರಿದಾಗ ಹುಟ್ಟುವ ವಿಷಾನಿಲಗಳು. ಆದರೂ ಬಹುಕಾಲ ಇದೇ ನಡೆಯಿತು.

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇನ್ನೂ ಹೆಚ್ಚು ರುಚಿಸಬೇಕಾದದ್ದು ಜೋಡಿ ಒತ್ತಡಮಾಪಕ. ನೀಲಿ ಮಾಪಕ ಕಡಿಮೆ ಒತ್ತಡದ ಕಡೆಗೆ, ಕೆಂಪು ಹೆಚ್ಚು ಒತ್ತಡದ ಕಡೆಗೆ. ಎಂಜಿನ್ ನಿಲ್ಲಿಸಿದ್ದಾಗ ಎರಡೂ ಒಂದೇ ಅಂಕಿ ತೋರುತ್ತವೆ. ಈಗ ಯೋಚಿಸಿ: ಆ ಅಂಕಿಯಿಂದ ಒಳಗೆ ಎಷ್ಟು ಶೀತಕವಿದೆ ಎಂದು ಹೇಳಬಹುದೆ? ಸಾಧ್ಯವಿಲ್ಲ. ಒಳಗೆ ಒಂದಿಷ್ಟು ದ್ರವ ಉಳಿದಿರುವವರೆಗೆ ಒತ್ತಡವನ್ನು ನಿರ್ಧರಿಸುವುದು ತಾಪ ಮಾತ್ರ, ಪ್ರಮಾಣವಲ್ಲ. ಈಗ ಬಹಳಷ್ಟು ಕಾರುಗಳಲ್ಲಿರುವ ಆರ್-134ಎ, 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಾಪಕದಲ್ಲಿ ಸುಮಾರು 6.7 ಬಾರ್ ತೋರುತ್ತದೆ. ತುಂಬಿದ್ದರೂ ಅಷ್ಟೆ, ಅರ್ಧವಿದ್ದರೂ ಅಷ್ಟೆ. ಅದಕ್ಕಿಂತ ಗಮನಾರ್ಹವಾಗಿ ಹೆಚ್ಚಿದ್ದರೆ? ಒಳಗೆ ಗಾಳಿ ಸೇರಿರಬಹುದು. ಡಾಲ್ಟನ್ನನ ಆಂಶಿಕ ಒತ್ತಡಗಳ ನಿಯಮ ಗ್ಯಾರೇಜಿನಲ್ಲಿ ಕೆಲಸಕ್ಕೆ ಬರುವುದು ಹೀಗೆ.

ಎಂಜಿನ್ ಓಡುವಾಗ ಮಾಪಕಗಳು ಬೇರೆ ಕಥೆ ಹೇಳುತ್ತವೆ. ಎರಡೂ ಕಡಿಮೆಯಾದರೆ ಶೀತಕ ಸಾಲದೆಂಬ ಶಂಕೆ. ಎರಡೂ ಹೆಚ್ಚಾದರೆ ಶೀತಕ ಅತಿಯಾಗಿದೆ, ಇಲ್ಲವೆ ಫ್ಯಾನ್ ಕೆಟ್ಟು ಅಥವಾ ದೂಳು ಕಟ್ಟಿ ಕಂಡೆನ್ಸರ್ ಉಷ್ಣ ಬಿಡುತ್ತಿಲ್ಲ. ನೀಲಿ ಏರಿ ಕೆಂಪು ಇಳಿದಿದ್ದರೆ ಕಂಪ್ರೆಸರ್ ಸೋತಿದೆ. ನೀಲಿ ಬಹುತೇಕ ನಿರ್ವಾತಕ್ಕೆ ಇಳಿದರೆ ವಿಸ್ತರಣಾ ಕವಾಟದಲ್ಲಿ ತಡೆ. ಒಳಹೊಕ್ಕ ತೇವ ಅಲ್ಲಿ ಹಿಮಗಟ್ಟಿಯೂ ಹೀಗಾಗುತ್ತದೆ. ಇಷ್ಟನ್ನೂ ನೋಡದೆ ಗ್ಯಾಸ್ ತುಂಬಿಸುವುದು ಜ್ವರ ಅಳೆಯದೆ ಮಾತ್ರೆ ಕೊಟ್ಟಂತೆ.

ಸೋರಿದ ಅನಿಲ ಎಲ್ಲಿ ಹೋಯಿತು? ಜೇಮ್ಸ್ ಲವ್‌ಲಾಕ್ 1957ರಲ್ಲಿ ರೂಪಿಸಿದ ಅತಿಸೂಕ್ಷ್ಮ ಶೋಧಕವೊಂದನ್ನು 1971ರಲ್ಲಿ ಷಾಕಲ್‌ಟನ್ ಎಂಬ ಹಡಗಿನಲ್ಲಿಟ್ಟು ಅಂಟಾರ್ಕ್ಟಿಕದತ್ತ ಹೊರಟ. ದಾರಿಯುದ್ದಕ್ಕೂ ಗಾಳಿಯಲ್ಲಿ ಆರ್-12ರ ಸೋದರ ಆರ್-11 ಸಿಕ್ಕಿತು. ಇಡೀ ಭೂಮಿಯ ಸೋರಿಕೆ ಪತ್ತೆಯಾದಂತಾಯಿತು! 1974ರಲ್ಲಿ ಮೊಲಿನಾ ಮತ್ತು ರೋಲಂಡ್, ಇವುಗಳ ಕ್ಲೋರಿನ್ ಓಜೋನನ್ನು ನಾಶಮಾಡುತ್ತದೆಂದು ಎಚ್ಚರಿಸಿದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. 1990ರ ದಶಕದಲ್ಲಿ ಕಾರುಗಳು ಕ್ಲೋರಿನ್ ಇಲ್ಲದ ಆರ್-134ಎಗೆ ಬದಲಾದವು.

ಅಲ್ಲಿಗೆ ಹಸಿರು ಜ್ವಾಲೆ ಕುರುಡಾಯಿತು. ಫ್ಲೂರಿನ್‌ಗೆ ಬೈಲ್‌ಸ್ಟೈನ್ ಪರೀಕ್ಷೆ ಸ್ಪಂದಿಸುವುದಿಲ್ಲ. ಎಲೆಕ್ಟ್ರಾನಿಕ್ ಶೋಧಕಗಳು, ಶೀತಕದೊಡನೆ ಸುತ್ತಿ ಅತಿನೇರಳೆ ದೀಪದಲ್ಲಿ ಹೊಳೆಯುವ ಬಣ್ಣಗಳು ಆ ಸ್ಥಾನಕ್ಕೆ ಬಂದವು. ಸಾಬೂನಿನ ನೊರೆ ಮಾತ್ರ ಅಂದಿಗೂ ಇಂದಿಗೂ ಉಪಯುಕ್ತ.

ಆರ್-134ಎ ಓಜೋನಿಗೆ ಹಾನಿಯಲ್ಲ, ಆದರೆ ಪ್ರಬಲ ಹಸಿರುಮನೆ ಅನಿಲ. ನೂರು ವರ್ಷಗಳ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡಿನ ಸುಮಾರು 1400 ಪಟ್ಟು. ಸಣ್ಣ ಕಾರಿನ ಏಸಿಯಲ್ಲಿ ಅರ್ಧ ಕಿಲೋಗ್ರಾಂ ಇದೆಯೆನ್ನಿ. ಅದಷ್ಟೂ ಸೋರಿದರೆ 700 ಕಿಲೋಗ್ರಾಂ ಕಾರ್ಬನ್ ಡೈಆಕ್ಸೈಡಿಗೆ ಸಮ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಂ, ಎಂದರೆ 300 ಲೀಟರ್ ಪೆಟ್ರೋಲ್! 2016ರ ಕಿಗಾಲಿ ತಿದ್ದುಪಡಿ ಇಂಥ ಅನಿಲಗಳನ್ನೂ ನಿಯಂತ್ರಣಕ್ಕೆ ತಂದಿತು. ಯುರೋಪಿನ ಹೊಸ ಕಾರುಗಳಲ್ಲಿ ಈಗ ಹೆಚ್ಚಾಗಿ ಇರುವುದು ಆರ್-1234ವೈಎಫ್. ತಾಪ ಏರಿಸುವ ಶಕ್ತಿ ತೀರ ಕಡಿಮೆ, ಆದರೆ ತುಸು ಉರಿಯುವ ಗುಣವಿದೆ. ಅದರ ಸೋರಿಕೆ ಹುಡುಕುವ ಶೋಧಕ ಕಿಡಿ ಹಾರಿಸುವಂತಿಲ್ಲ.