ಮರೆವಿನ ರೇಖೆ ಮತ್ತು ಮಾರ್ಚಿ ತಿಂಗಳ ಓದು

ಮಾರ್ಚಿ ತಿಂಗಳಲ್ಲಿ ಮಂಗಳೂರಿನ ದೇರೆಬೈಲಿನ ಯಾವುದಾದರೊಂದು ರಸ್ತೆಯಲ್ಲಿ ರಾತ್ರಿ ಹನ್ನೊಂದರ ನಂತರ ನಡೆದು ನೋಡಿ. ಬಹುಮಹಡಿ ಕಟ್ಟಡಗಳ ಅಲ್ಲೊಂದು ಇಲ್ಲೊಂದು ಕಿಟಕಿಯಲ್ಲಿ ಇನ್ನೂ ಬೆಳಕಿರುತ್ತದೆ. ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಮಕ್ಕಳು ಇಡೀ ವರ್ಷದ ಪಾಠವನ್ನು ಹತ್ತು ಹದಿನೈದು ರಾತ್ರಿಗಳಲ್ಲಿ ತಲೆಗೆ ತುಂಬಿಕೊಳ್ಳುವ ಕಾಲವದು. ಐವತ್ತು ವರ್ಷಗಳ ಹಿಂದೆ ಕರಾವಳಿಯ ಹಂಚಿನ ಮನೆಗಳಲ್ಲಿ ಓದಿನ ಸದ್ದು ಕೇಳಿಸುತ್ತಿದ್ದುದು ಬೇರೆ ಹೊತ್ತಿನಲ್ಲಿ. ಮುಸ್ಸಂಜೆ ದೀಪ ಹಚ್ಚಿದೊಡನೆ ಮಕ್ಕಳು ಜಗಲಿಯಲ್ಲಿ ಕುಳಿತು ಮಗ್ಗಿ, ತಿಥಿ, ನಕ್ಷತ್ರ, ಅರುವತ್ತು ಸಂವತ್ಸರಗಳ ಹೆಸರು ಇವನ್ನೆಲ್ಲ ಒಪ್ಪಿಸಬೇಕಿತ್ತು. ಕಾಲು ಗಂಟೆಯ ಕೆಲಸ. ಆದರೆ ದಿನವೂ ತಪ್ಪುವಂತಿರಲಿಲ್ಲ. ನೀವು ಐವತ್ತು ದಾಟಿದವರಾದರೆ ಹದಿನಾರರ ಮಗ್ಗಿಯನ್ನು ಈಗಲೇ ಒಮ್ಮೆ ಹೇಳಿ ನೋಡಿ. ಅನಂತರ, ಪದವಿ ಪರೀಕ್ಷೆಯ ಹಿಂದಿನ ರಾತ್ರಿ ಓದಿದ ಯಾವುದಾದರೊಂದು ಸಮೀಕರಣದ ವ್ಯುತ್ಪತ್ತಿಯನ್ನು ಬರೆದು ನೋಡಿ.

ಶಿಕ್ಷಣದ ಚರ್ಚೆಗಳಲ್ಲಿ ಈ ಎರಡನ್ನೂ 'ಉರು ಹೊಡೆಯುವುದು' ಎಂಬ ಒಂದೇ ಹೆಸರಿನಿಂದ ಬೈಯುವುದು ರೂಢಿ. ವಾಸ್ತವವಾಗಿ ಇಲ್ಲಿರುವುದು ಎರಡು ಬೇರೆ ಬೇರೆ ಪ್ರಶ್ನೆಗಳು. ಅರ್ಥ ತಿಳಿದು ಕಲಿಯುತ್ತೇವೆಯೋ ಇಲ್ಲವೋ ಎಂಬುದು ಒಂದು. ಕಲಿಕೆಯನ್ನು ಕಾಲದಲ್ಲಿ ಹೇಗೆ ಹಂಚುತ್ತೇವೆ ಎಂಬುದು ಇನ್ನೊಂದು. ಮುಸ್ಸಂಜೆಯ ಬಾಯಿಪಾಠದಲ್ಲಿ ಅರ್ಥ ಕಡಿಮೆ ಇತ್ತು, ನಿಜ. ಆದರೆ ಹಂಚಿಕೆ ಚೆನ್ನಾಗಿತ್ತು. ಮಾರ್ಚಿಯ ಓದಿನಲ್ಲಿ ಅರ್ಥವಿದ್ದರೂ ಇರಬಹುದು, ಹಂಚಿಕೆ ಮಾತ್ರ ಇಲ್ಲ. ಈ ಎರಡನೆಯ ಪ್ರಶ್ನೆಗೆ ಪ್ರಯೋಗದ ಉತ್ತರ ದೊರೆತು 140 ವರ್ಷಗಳಾದುವು.

ಉತ್ತರ ಕೊಟ್ಟವನು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ (1850-1909). ಅವನ ಪ್ರಯೋಗಕ್ಕೆ ಒಳಗಾದ ವ್ಯಕ್ತಿ ಒಬ್ಬನೇ, ಅವನೇ! ಅರ್ಥವಿಲ್ಲದ ಸುಮಾರು 2300 ಅಕ್ಷರಗುಚ್ಛಗಳನ್ನು ರಚಿಸಿ, ಅವುಗಳಿಂದ ಆಯ್ದ ಸಾಲುಗಳನ್ನು ಗಡಿಯಾರದ ಟಿಕ್‌ಟಿಕ್‌ಗೆ ಹೊಂದಿಸಿ ಒಂದೇ ವೇಗದಲ್ಲಿ ಓದಿ ಕಲಿತ. ಅರ್ಥವಿರುವ ಪದಗಳಾದರೆ ಹಳೆಯ ನೆನಪುಗಳು ನಡುವೆ ಬಂದು ಅಳತೆಯನ್ನು ಕೆಡಿಸುತ್ತವೆ. ಘರ್ಷಣೆಯಿಲ್ಲದ ಮೇಜನ್ನು ನಾವು ಕಲ್ಪಿಸಿಕೊಳ್ಳುವುದಿಲ್ಲವೇ, ಇದೂ ಹಾಗೆಯೇ. ಇನ್ನು ನೆನಪನ್ನು ಅಳೆಯುವುದು ಹೇಗೆ? ಕಲಿತ ಸಾಲನ್ನು ಕೆಲಕಾಲದ ಬಳಿಕ ಮತ್ತೆ ಕಲಿಯಬೇಕು. ಎರಡನೆಯ ಸಲ ಎಷ್ಟು ಶ್ರಮ ಉಳಿತಾಯವಾಯಿತೋ ಅಷ್ಟು ನೆನಪು ಉಳಿದಿತ್ತು ಎಂದು ಲೆಕ್ಕ. 20 ನಿಮಿಷಗಳ ಬಳಿಕ ಉಳಿತಾಯ ಶೇಕಡ 58. ಒಂದು ಗಂಟೆಯ ಬಳಿಕ 44, ಒಂದು ದಿನದ ಬಳಿಕ 34, ಒಂದು ತಿಂಗಳ ಬಳಿಕ 21. 1885ರಲ್ಲಿ ಪ್ರಕಟವಾದ ಈ ಮರೆವಿನ ರೇಖೆಯನ್ನು ನೆದರ್‌ಲೆಂಡ್ಸಿನಲ್ಲಿ ಪುನಃ ಪ್ರಯೋಗ ಮಾಡಿ ಪರೀಕ್ಷಿಸಿ 2015ರಲ್ಲಿ ವರದಿ ಮಾಡಿದರು. ಆಕಾರ ಬಹುಮಟ್ಟಿಗೆ ಅದೇ ಬಂತು.

ಅದೇ ಪುಸ್ತಕದಲ್ಲಿ ಅಷ್ಟು ಪ್ರಸಿದ್ಧವಲ್ಲದ ಇನ್ನೊಂದು ಫಲಿತಾಂಶವಿದೆ. 12 ಅಕ್ಷರಗುಚ್ಛಗಳ ಸಾಲನ್ನು ಒಂದೇ ಸಮನೆ 68 ಬಾರಿ ಓದಿದಾಗ ಮರುದಿನ ದೊರೆತ ಪ್ರಯೋಜನವೆಷ್ಟೋ, ಮೂರು ದಿನಗಳಲ್ಲಿ ಹಂಚಿ ಒಟ್ಟು 38 ಬಾರಿ ಓದಿದಾಗಲೂ ಅಷ್ಟೇ ಪ್ರಯೋಜನ ದೊರೆಯಿತು. ಹೆಚ್ಚುಕಡಿಮೆ ಅರ್ಧ ದುಡಿಮೆ! ಯಾವುದಾದರೂ ಯಂತ್ರದ ದಕ್ಷತೆ ಹೀಗೆ ಏರಿದ್ದರೆ ಎಂಜಿನಿಯರರು ಮರುವರ್ಷವೇ ಅದನ್ನು ಬಳಕೆಗೆ ತರುತ್ತಿದ್ದರು.

ಭೌತಶಾಸ್ತ್ರದ ವಿದ್ಯಾರ್ಥಿಗಳಾದ ನಿಮಗೆ ಮರೆವಿನ ರೇಖೆಯನ್ನು ಕಂಡೊಡನೆ ವಿಕಿರಣಪಟು ಕ್ಷಯ ನೆನಪಾಗಬಹುದು. ಹೋಲಿಸಿ ನೋಡೋಣ. ಮೊದಲ 20 ನಿಮಿಷಗಳ ಬಳಿಕ 58 ಇದ್ದದ್ದು ಮುಂದಿನ 40 ನಿಮಿಷಗಳಲ್ಲಿ 44ಕ್ಕೆ ಇಳಿದಿದೆ, ಅಂದರೆ ಸುಮಾರು ಕಾಲು ಭಾಗ ನಷ್ಟ. ಪ್ರತಿ 40 ನಿಮಿಷಕ್ಕೆ ಇದೇ ಪ್ರಮಾಣದಲ್ಲಿ ಕ್ಷಯ ಮುಂದುವರಿದರೆ ಒಂದು ದಿನದ ಕೊನೆಗೆ ಶೇಕಡ 0.01 ಕೂಡ ಉಳಿಯಬಾರದು. ಆದರೆ 34 ಉಳಿದಿದೆ! ಹಾಗಾಗಿ ನೆನಪಿಗೆ ನಿಶ್ಚಿತವಾದ ಅರ್ಧಾಯುಷ್ಯ ಇಲ್ಲ. ಅಯೋಡಿನ್-131ರ ಬೀಜಕಣಕ್ಕೆ ಮುಪ್ಪೆಂಬುದಿಲ್ಲ. ನಿನ್ನೆ ಹುಟ್ಟಿದ್ದಕ್ಕೂ ತಿಂಗಳ ಹಿಂದೆ ಹುಟ್ಟಿ ಉಳಿದಿರುವುದಕ್ಕೂ ನಾಳೆ ಕ್ಷಯಿಸುವ ಸಂಭಾವ್ಯತೆ ಒಂದೇ. ನೆನಪು ಹಾಗಲ್ಲ, ಹಳತಾದಂತೆ ಗಟ್ಟಿಯಾಗುತ್ತದೆ. ಅಡಾಲ್ಫ್ ಯೋಸ್ಟ್ 1897ರಲ್ಲಿ ಇದನ್ನೇ ನಿಯಮವಾಗಿ ನಿರೂಪಿಸಿದ: ಈ ಕ್ಷಣದಲ್ಲಿ ಸಮಬಲವಿರುವ ಎರಡು ನೆನಪುಗಳಲ್ಲಿ ಹಳೆಯದು ನಿಧಾನವಾಗಿ ಮಾಸುತ್ತದೆ, ಇನ್ನೊಂದು ಆವರ್ತನೆಯಿಂದ ಹೆಚ್ಚು ಲಾಭ ಪಡೆಯುವುದೂ ಹಳೆಯದೇ. ಎಲ್ಲ ನೆನಪುಗಳೂ ಒಂದೇ ದರದಲ್ಲಿ ಘಾತೀಯವಾಗಿ ಕ್ಷಯಿಸುವುದಾದರೆ ಈ ನಿಯಮ ನಿಲ್ಲದು ಎಂಬುದನ್ನು ಹರ್ಬರ್ಟ್ ಸೈಮನ್ 1966ರಲ್ಲಿ ಗಣಿತದಿಂದ ತೋರಿಸಿದರು. ಒಂದೇ ರಾತ್ರಿಯಲ್ಲಿ ಹತ್ತು ಬಾರಿ ಓದಿದವನ ನೆನಪುಗಳೆಲ್ಲ ಒಂದೇ ರಾತ್ರಿಯ ವಯಸ್ಸಿನವು. ಅಂತರ ಕೊಟ್ಟು ಓದಿದವನು ಪ್ರತಿ ಸಲವೂ ಹಳತಾದ ನೆನಪಿಗೇ ಬಲ ಸೇರಿಸುತ್ತಾನೆ.

ಈಗ ನಮ್ಮ ಊರಿನ ಕಡೆಗೆ ಬರೋಣ. ಮಂಗಳೂರು ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಮದರಾಸು ವಿಶ್ವವಿದ್ಯಾನಿಲಯ 1857ರಲ್ಲಿ ಸ್ಥಾಪನೆಯಾದಾಗ ಅದು ಮುಖ್ಯವಾಗಿ ಪರೀಕ್ಷೆ ನಡೆಸುವ ಸಂಸ್ಥೆಯಾಗಿತ್ತು. ಕಲಿಸುವ ಕೆಲಸ ಕಾಲೇಜುಗಳದ್ದು. 1868ರ ಸರ್ಕಾರಿ ಕಾಲೇಜಿನಲ್ಲಾಗಲಿ 1880ರ ಸಂತ ಅಲೋಶಿಯಸ್ ಕಾಲೇಜಿನಲ್ಲಾಗಲಿ ಕಲಿತ ನಮ್ಮ ಹಿರಿಯರು ದೂರದ ಮದರಾಸಿನವರು ತಯಾರಿಸಿದ ಪ್ರಶ್ನೆಪತ್ರಿಕೆಗೆ ಉತ್ತರಿಸಬೇಕಿತ್ತು. ವರ್ಷದ ದುಡಿಮೆಯೆಲ್ಲ ಕೆಲವೇ ದಿನಗಳಲ್ಲಿ ತೂಗಲ್ಪಡುವಾಗ ಓದು ಆ ದಿನಗಳ ಹತ್ತಿರಕ್ಕೇ ಸರಿಯುವುದು ಸಹಜ. ಕರ್ಜನ್ ನೇಮಿಸಿದ 1902ರ ವಿಶ್ವವಿದ್ಯಾನಿಲಯಗಳ ಆಯೋಗ, ಪಾಠಕ್ಕಾಗಿ ಪರೀಕ್ಷೆ ಇರುವ ಬದಲು ಪರೀಕ್ಷೆಗಾಗಿ ಪಾಠ ನಡೆಯುತ್ತಿದೆ ಎಂದು ಕಟುವಾಗಿಯೇ ಹೇಳಿತು. ರೋಗವನ್ನು ಸರಿಯಾಗಿ ಗುರುತಿಸಿದರು. ಎಬಿಂಗ್‌ಹೌಸನ ಪುಸ್ತಕ ಬಂದು ಆಗಲೇ 17 ವರ್ಷಗಳಾಗಿದ್ದರೂ ಆ ಔಷಧ ವೈದ್ಯರ ಕೈ ಸೇರಿರಲಿಲ್ಲ. ಮುಂದೆ 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ.ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು (ಮೈಸೂರಿನಲ್ಲಿ ಆಕಾಶವಾಣಿಯನ್ನು ಹುಟ್ಟುಹಾಕಿದವರೂ ಇವರೇ). ಅಲ್ಲಿಯ ವಿದ್ಯಾರ್ಥಿಗಳು ಕೂಡ ಮನಶ್ಶಾಸ್ತ್ರದ ಪರೀಕ್ಷೆಗೆ ವರ್ಷದ ಕೊನೆಗೇ ಕುಳಿತರು!

ಗೊತ್ತಿದ್ದೂ ಏಕೆ ಬದಲಾಗುವುದಿಲ್ಲ? ವ್ಯವಸ್ಥೆಯ ತಪ್ಪು ಇದೆ. ಅದರ ಜೊತೆಗೆ, ನಮ್ಮ ಅನುಭವವೇ ನಮಗೆ ಮೋಸ ಮಾಡುತ್ತದೆ. ಬ್ರಿಟನ್ನಿನ ಅಂಚೆ ನೌಕರರಿಗೆ ಅಂಚೆ ಸಂಕೇತಗಳ ಬೆರಳಚ್ಚು ಕಲಿಸಿದಾಗ ಬ್ಯಾಡ್‌ಲಿ ಮತ್ತು ಲಾಂಗ್‌ಮನ್ ನಾಲ್ಕು ತಂಡಗಳನ್ನು ಹೋಲಿಸಿದರು (1978). ದಿನಕ್ಕೆ ಒಂದೇ ಗಂಟೆ ಕಲಿತವರಿಗೆ ಕೀಲಿಮಣೆ ವಶವಾಗಲು ಸುಮಾರು 35 ಗಂಟೆ ಬೇಕಾಯಿತು, ದಿನಕ್ಕೆ ಎರಡೆರಡು ಗಂಟೆಯಂತೆ ಎರಡು ಬಾರಿ ಕಲಿತವರಿಗೆ ಸುಮಾರು 50 ಗಂಟೆ. ಆದರೆ ತಮ್ಮ ವೇಳಾಪಟ್ಟಿಯ ಬಗ್ಗೆ ಅತಿ ಕಡಿಮೆ ತೃಪ್ತಿ ಹೊಂದಿದ್ದವರು ಆ ಒಂದು ಗಂಟೆಯ ತಂಡದವರೇ! ದಿನಗಳ ಲೆಕ್ಕದಲ್ಲಿ ತಾವು ಹಿಂದೆ ಬಿದ್ದಂತೆ ಅವರಿಗೆ ಅನ್ನಿಸಿತ್ತು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಗದ್ಯಭಾಗವೊಂದನ್ನು ಓದಿದ ಮೇಲೆ ಕೆಲವರು ಅದನ್ನು ಮತ್ತೆ ಓದಿದರು, ಉಳಿದವರು ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷಗಳ ಬಳಿಕ ಪರೀಕ್ಷಿಸಿದಾಗ ಮತ್ತೆ ಓದಿದವರಿಗೆ 81, ನೆನಪಿಸಿಕೊಂಡವರಿಗೆ 75. ಒಂದು ವಾರದ ಬಳಿಕ 42 ಮತ್ತು 56. ಸಾಲು ಉಲ್ಟಾ ಆಯಿತು. ನಾಳೆ ಬೆಳಗಿನ ಪರೀಕ್ಷೆಗೆ ಇಂದಿನ ರಾತ್ರಿಯ ಓದು ಕೆಲಸ ಮಾಡುತ್ತದೆ, ಮತ್ತು ಅಂಕಪಟ್ಟಿ ಅಳೆಯುವುದು ನಾಳೆ ಬೆಳಗನ್ನು ಮಾತ್ರ. ಜಗಲಿಯ ಮಕ್ಕಳಾದರೋ ಪುಸ್ತಕವಿಲ್ಲದೆ ಒಪ್ಪಿಸುತ್ತಿದ್ದರು ಎಂಬುದನ್ನು ಇಲ್ಲಿ ಗಮನಿಸಿ.

ನಾನೂ ಬಹುಕಾಲ ಈ ಮೋಸಕ್ಕೆ ಒಳಗಾಗಿದ್ದವನೇ. ಪರೀಕ್ಷೆಗೆ ಹದಿನೈದು ದಿನ ಇರುವಾಗ ಬೆಳಗಿನಿಂದ ಸಂಜೆಯವರೆಗೆ ಪುನರಾವರ್ತನೆ ತರಗತಿ ನಡೆಸುತ್ತಿದ್ದೆ. ಫಲಿತಾಂಶ ಚೆನ್ನಾಗಿ ಬರುತ್ತಿತ್ತು, ಹೊಗಳಿಕೆಯೂ ಸಿಗುತ್ತಿತ್ತು. ಒಂದು ಜೂನ್‌ನಲ್ಲಿ ಅದೇ ವಿದ್ಯಾರ್ಥಿಗಳಿಗೆ, ಎರಡು ತಿಂಗಳ ಹಿಂದೆ ಅವರು ತಪ್ಪಿಲ್ಲದೆ ಬಿಡಿಸಿದ್ದ ಕಿರ್ಕಾಫ್ ನಿಯಮದ ಲೆಕ್ಕವೊಂದನ್ನು ಕೊಟ್ಟೆ. ಮಂಡಲದಲ್ಲಿ ಯಾವ ಕೋಶಕ್ಕೆ ಯಾವ ಚಿಹ್ನೆ ಎಂಬಲ್ಲೇ ಹೆಚ್ಚಿನವರು ನಿಂತುಬಿಟ್ಟರು. ಬುದ್ಧಿವಂತ ಹುಡುಗಿಯೊಬ್ಬಳು, "ಸಾರ್, ಅದು ಕಳೆದ ವರ್ಷದ ಪೋರ್ಷನ್ ಅಲ್ವಾ?" ಎಂದು ನಿಜವಾದ ಆಶ್ಚರ್ಯದಿಂದ ಕೇಳಿದಳು.

ಅಂತರ ಎಷ್ಟಿರಬೇಕು? ಸೆಪಿಡಾ ಮತ್ತು ಸಂಗಡಿಗರು 1350ಕ್ಕೂ ಹೆಚ್ಚು ಜನರ ಮೇಲೆ ನಡೆಸಿದ ಅಧ್ಯಯನ (2008) ಇದಕ್ಕೆ ಉತ್ತರ ಕೊಡುತ್ತದೆ. ಅವರು ಪರೀಕ್ಷಿಸಿದ ಅಂತರಗಳಲ್ಲಿ, 7 ದಿನಗಳ ಬಳಿಕದ ಪರೀಕ್ಷೆಗೆ ಒಂದು ದಿನದ ಅಂತರ ಉತ್ತಮವಾಗಿತ್ತು. 350 ದಿನಗಳ ಬಳಿಕದ್ದಕ್ಕೆ 21 ದಿನ. ಹಾಗಾದರೆ ವರ್ಷಕ್ಕೂ ಮೀರಿ ಉಳಿಯಬೇಕಾದ ಪಾಠವನ್ನು ಮೂರು ನಾಲ್ಕು ವಾರಗಳಿಗೊಮ್ಮೆ ಮುಟ್ಟುತ್ತಿರಬೇಕು. ಕರ್ನಾಟಕದಲ್ಲಿ 2023-24ರಲ್ಲಿ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ.ಗೆ ಮೂರು ಪರೀಕ್ಷೆಗಳ ಪದ್ಧತಿ ಬಂದಿತ್ತು. ಒಂದೇ ದಿನದ ಭಯವನ್ನು ಅದು ತಗ್ಗಿಸಿತು, ಸಂತೋಷ. ಆದರೆ ಮೂರೂ ಬರುತ್ತಿದ್ದುದು ವರ್ಷದ ಕೊನೆಗೇ. ಓದಿನ ನಡುವೆ ಅಂತರವಿಡುವ ಕೆಲಸ ಅವುಗಳಿಂದ ಆಗುವಂತಿರಲಿಲ್ಲ.

ಆ ಕೆಲಸ ತರಗತಿಯಲ್ಲೇ ನಡೆಯಬೇಕು. ನಾನು ಕಂಡುಕೊಂಡ ಉಪಾಯ ಹೀಗಿದೆ: ಪ್ರತಿ ತರಗತಿಯ ಮೊದಲ ಹತ್ತು ನಿಮಿಷ ಎರಡು ಪ್ರಶ್ನೆಗಳು. ಒಂದು ನಿನ್ನೆಯದು, ಒಂದು ಮೂರು ವಾರ ಹಳೆಯದು. ಪುಸ್ತಕ ಮುಚ್ಚಿರಬೇಕು, ಅಂಕವಿಲ್ಲ. ಸ್ಥಿರವಿದ್ಯುತ್ತಿನ ಪಾಠ ನಡೆಯುತ್ತಿರುವಾಗ ಮಸೂರದ ಲೆಕ್ಕ ಎದುರಾದರೆ ವಿದ್ಯಾರ್ಥಿಗಳು ಗೊಣಗುತ್ತಾರೆ, ತಡವರಿಸುತ್ತಾರೆ. ಅಂಚೆ ನೌಕರರನ್ನು ನೆನಪಿಸಿಕೊಂಡು ನಾನು ಸುಮ್ಮನಿರುತ್ತೇನೆ. "ಪಠ್ಯ ಮುಗಿಸುವುದೇ ಕಷ್ಟ, ಹತ್ತು ನಿಮಿಷ ಎಲ್ಲಿಂದ ತರುವುದು?" ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಲೆಕ್ಕ ಹಾಕಿ: 120 ತರಗತಿಗಳಾದರೆ 20 ಗಂಟೆ. ಕೊನೆಯ ಹದಿನೈದು ದಿನಗಳ ಪುನರಾವರ್ತನೆಗೆ ನಾನು ವ್ಯಯಿಸುತ್ತಿದ್ದುದು ಅದಕ್ಕಿಂತ ಬಹಳ ಹೆಚ್ಚು.