ಐಸಿನ ಡಬ್ಬಿಗಳು: ಶೀತಲ ವ್ಯಾಗನ್‌ಗಳ ಚರಿತ್ರೆ ಮತ್ತು ಪುಟಾಣಿ ರೈಲಿನಲ್ಲಿ ಅವುಗಳ ಮರುಹುಟ್ಟು

1906ರಲ್ಲಿ ಕುರ್ಲಾದಿಂದ ಚೆಂಬೂರಿಗೆ ಒಂಟಿ ಹಳಿ ಬಿತ್ತು. ಅದು ಜನರಿಗಾಗಿ ಹಾಕಿದ ಹಳಿಯಲ್ಲ. ಮುಂಬಯಿ ನಗರದ ಕಸವನ್ನು ಊರಾಚೆ ಸಾಗಿಸಲು ಹಾಕಿದ್ದು. ಪ್ರಯಾಣಿಕರು ಅದರ ಮೇಲೆ ಓಡಾಡತೊಡಗಿದ್ದು 1924ರಲ್ಲಿ. ಅದೇ 1906ರ ಡಿಸೆಂಬರಿನಲ್ಲಿ ಅಮೆರಿಕದ ಯೂನಿಯನ್ ಪೆಸಿಫಿಕ್ ಮತ್ತು ಸದರ್ನ್ ಪೆಸಿಫಿಕ್ ರೈಲ್ವೆಗಳು ಕೈಜೋಡಿಸಿ ಪೆಸಿಫಿಕ್ ಫ್ರೂಟ್ ಎಕ್ಸ್‌ಪ್ರೆಸ್ ಎಂಬ ಕಂಪನಿ ಕಟ್ಟಿದವು. ಕ್ಯಾಲಿಫೋರ್ನಿಯಾದ ಹಣ್ಣು ತರಕಾರಿಯನ್ನು ಕೆಡದಂತೆ ಪೂರ್ವ ತೀರದ ಪೇಟೆಗಳಿಗೆ ಮುಟ್ಟಿಸುವುದು ಅದರ ಕೆಲಸ. ಮರುವರ್ಷ 6,600 ಹೊಸ ಡಬ್ಬಿಗಳೊಂದಿಗೆ ಅದು ಓಟ ಆರಂಭಿಸಿತು.

ರೈಲ್ವೆ ಮಾದರಿ ಕಟ್ಟುವ ಹವ್ಯಾಸಿಗಳಲ್ಲಿ ಈ ಶೀತಲ ಡಬ್ಬಿಗಳಿಗೆ, ಅಂದರೆ ರೀಫರ್‌ಗಳಿಗೆ, ವಿಶೇಷ ಮೋಹವಿದೆ. ಬಣ್ಣ ಅದಕ್ಕೊಂದು ಕಾರಣ. ಇಟ್ಟಿಗೆ ಕೆಂಪಿನ ಮಾಮೂಲಿ ಗೂಡ್ಸ್ ಡಬ್ಬಿಗಳ ಸಾಲಿನಲ್ಲಿ ಹಳದಿ, ಕಿತ್ತಳೆ ಮೈಯ ರೀಫರ್ ಎದ್ದು ಕಾಣುತ್ತದೆ. ಆದರೆ ಬಣ್ಣ ನೋಡಿ ಕೊಂಡವರು ಮೋಸಹೋಗುವುದೇ ಹೆಚ್ಚು. ರೀಫರಿನ ಚರಿತ್ರೆ ಐಸಿನ ಚರಿತ್ರೆ. ಆ ಐಸು ಎಲ್ಲಿ ತುಂಬುತ್ತಿತ್ತು, ಹೇಗೆ ಕರಗುತ್ತಿತ್ತು, ಕರಗಿದ ನೀರು ಎಲ್ಲಿ ಹರಿಯುತ್ತಿತ್ತು ಎಂಬುದು ತಿಳಿಯದೆ ಕಟ್ಟಿದ ಮಾದರಿ ಬರೀ ಬಣ್ಣದ ಪೆಟ್ಟಿಗೆಯಾಗಿ ಉಳಿಯುತ್ತದೆ.

ಐಸನ್ನು ದೂರಕ್ಕೆ ಸಾಗಿಸುವ ವಿದ್ಯೆ ರೈಲಿಗಿಂತ ಹಳೆಯದು. 1833ರಲ್ಲಿ ‘ಟಸ್ಕನಿ’ ಹಡಗು ಬೋಸ್ಟನ್‌ನಿಂದ 180 ಟನ್ ಐಸು ಹೊತ್ತು ಕಲ್ಕತ್ತೆಗೆ ಬಂತು. ನಾಲ್ಕು ತಿಂಗಳ ಪಯಣದ ಕೊನೆಗೆ ಸುಮಾರು ನೂರು ಟನ್ ಉಳಿದಿತ್ತು. ಮುಂದೆ ಮುಂಬಯಿಯಲ್ಲೂ ಮದರಾಸಿನಲ್ಲೂ ಐಸ್ ಹೌಸುಗಳು ಎದ್ದವು. ಹಡಗಿನ ಹೊಟ್ಟೆಗೆ ಮರದ ಹೊಟ್ಟು ತುಂಬಿ ಶಾಖ ತಡೆದ ಆ ಉಪಾಯವೇ ಮುಂದೆ ರೈಲು ಡಬ್ಬಿಯ ಗೋಡೆಯೊಳಗೆ ಸೇರಿತು. 1851ರಲ್ಲಿ ನ್ಯೂಯಾರ್ಕ್ ರಾಜ್ಯದ ಆಗ್ಡೆನ್ಸ್‌ಬರ್ಗ್‌ನಿಂದ ಬೋಸ್ಟನ್ನಿಗೆ ಐಸು ತುಂಬಿದ ಮರದ ಡಬ್ಬಿಯಲ್ಲಿ ಬೆಣ್ಣೆ ಹೋಯಿತು. 1867ರಲ್ಲಿ ಡೆಟ್ರಾಯಿಟ್‌ನ ಜೆ.ಬಿ. ಸದರ್ಲ್ಯಾಂಡ್ ರೀಫರಿಗೆ ಪೇಟೆಂಟ್ ಪಡೆದರು. ಶಿಕಾಗೊದ ಮಾಂಸದ ವ್ಯಾಪಾರಿ ಗುಸ್ಟಾವಸ್ ಸ್ವಿಫ್ಟ್ 1870ರ ದಶಕದ ಕೊನೆಗೆ ಆಂಡ್ರ್ಯೂ ಚೇಸ್ ಎಂಬ ಎಂಜಿನಿಯರನಿಂದ ಡಬ್ಬಿಯ ವಿನ್ಯಾಸ ಮಾಡಿಸಿದ. ಐಸು ಮೇಲೆ, ಗಾಳಿ ಚೆನ್ನಾಗಿ ಆಡಬೇಕು, ತಂಪು ಗಾಳಿ ತಾನಾಗಿ ಕೆಳಗಿಳಿಯಬೇಕು: ಇಷ್ಟೇ ಅದರ ಸೂತ್ರ.

ಇಪ್ಪತ್ತನೆಯ ಶತಮಾನದ ಹೊತ್ತಿಗೆ ನಲವತ್ತು ಅಡಿಯ ಡಬ್ಬಿಯ ಆಕಾರ ನೆಲೆಗೊಂಡಿತ್ತು. ಎರಡು ತುದಿಯಲ್ಲೂ ಐಸಿನ ಗೂಡು, ಚಾವಣಿಯ ನಾಲ್ಕು ಮೂಲೆಯಲ್ಲಿ ನಾಲ್ಕು ಮುಚ್ಚಳ. ಎರಡೂ ಗೂಡು ತುಂಬಲು ಸುಮಾರು ಐದು ಟನ್ ಐಸು ಬೇಕಿತ್ತು. ದಾರಿಯುದ್ದಕ್ಕೂ ಸುಮಾರು 400ರಿಂದ 650 ಕಿ.ಮೀ.ಗೊಮ್ಮೆ ಮತ್ತೆ ತುಂಬಬೇಕು. ಅದಕ್ಕಾಗಿ ಹಳಿಯ ಪಕ್ಕದಲ್ಲಿ ಡಬ್ಬಿಯ ಚಾವಣಿಯಷ್ಟೇ ಎತ್ತರದ ಉದ್ದನೆಯ ಅಟ್ಟ ಕಟ್ಟಿರುತ್ತಿದ್ದರು. 300 ಪೌಂಡಿನ, ಅಂದರೆ 136 ಕಿಲೋ ತೂಗುವ ಐಸಿನ ದಿಮ್ಮಿಗಳನ್ನು ಆಳುಗಳು ಕೊಕ್ಕೆಗೋಲಿನಿಂದ ಜಾರಿಸಿ, ಒಡೆದು, ಮುಚ್ಚಳದೊಳಗೆ ಇಳಿಸುತ್ತಿದ್ದರು. ಮಾಂಸದ ಡಬ್ಬಿಗೆ ಐಸಿನ ಜೊತೆ ಉಪ್ಪನ್ನೂ ಬೆರೆಸುತ್ತಿದ್ದರು. ಉಪ್ಪು ಸೇರಿದರೆ ತಂಪು ಇನ್ನೂ ಕೆಳಗಿಳಿಯುತ್ತದೆ. ಆದರೆ ಆ ಉಪ್ಪುನೀರು ತೊಟ್ಟಿಕ್ಕಿ ಹಳಿಗೂ ಸೇತುವೆಗೂ ತುಕ್ಕು ಹಿಡಿಸಿತು.

ಮಾದರಿ ಕಟ್ಟುವವನಿಗೆ ಬೇಕಾದ ಮುಖ್ಯ ಸುಳಿವುಗಳು ಇಲ್ಲೇ ಇವೆ. ಎಚ್‌ಒ ಅಳತೆಯಲ್ಲಿ, ಎಂದರೆ 1:87ರಲ್ಲಿ, ಒಂದು ಅಡಿ 3.5 ಮಿ.ಮೀ.; ನಲವತ್ತು ಅಡಿಯ ರೀಫರ್ 140 ಮಿ.ಮೀ. ಮಾಮೂಲಿ ಡಬ್ಬಿಗೆ ಆರಡಿ ಅಗಲದ ಸರಿಯುವ ಬಾಗಿಲಾದರೆ, ರೀಫರಿನದು ನಾಲ್ಕಡಿಯ, ಹೊರಕ್ಕೆ ತೆರೆಯುವ ಜೋಡಿ ಕದ. ಮಾದರಿಯಲ್ಲಿ ಅದು 14 ಮಿ.ಮೀ. ಐಸಿನ ದಿಮ್ಮಿ ಹೆಚ್ಚುಕಡಿಮೆ 3 ಮಿ.ಮೀ. ದಪ್ಪ, 6 ಮಿ.ಮೀ. ಅಗಲ, 13 ಮಿ.ಮೀ. ಉದ್ದದ ಪಾರದರ್ಶಕ ಅಕ್ರಿಲಿಕ್ ತುಂಡು. ಚಾವಣಿಯ ಮುಚ್ಚಳ ಇವೆಲ್ಲಕ್ಕಿಂತ ಹೆಚ್ಚು ಮಾತಾಡುತ್ತದೆ. ಮುಚ್ಚಿದ್ದರೆ ಒಳಗೆ ಐಸಿದೆ. ಸಂದು ಬಿಟ್ಟು ಎತ್ತಿ ನಿಲ್ಲಿಸಿದ್ದರೆ ಸರಕಿಗೆ ಗಾಳಿಯಷ್ಟೇ ಸಾಕು, ಇಲ್ಲವೇ ಖಾಲಿ ಡಬ್ಬಿ ಒಣಗುತ್ತಿದೆ. ತುಕ್ಕಿನ ಗೆರೆ ಎಳೆಯುವುದಿದ್ದರೆ ಡಬ್ಬಿಯ ತುದಿಗಳ ಕೆಳಗೆ ಎಳೆಯಬೇಕು. ನಡುಬಾಗಿಲ ಕೆಳಗೆ ಅದಕ್ಕೆ ಕಾರಣವೇ ಇಲ್ಲ.

ಕಾಲದ ಲೆಕ್ಕ ತಪ್ಪುವುದು ಇನ್ನೂ ಸುಲಭ. ಬಿಯರು, ಬೆಣ್ಣೆ, ಹಂದಿಮಾಂಸದ ಜಾಹೀರಾತನ್ನು ಮೈತುಂಬ ಬರೆದುಕೊಂಡ ಅಂದದ ರೀಫರ್‌ಗಳು ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುತ್ತವೆ. ಆದರೆ ಅಮೆರಿಕದ ಅಂತರರಾಜ್ಯ ವಾಣಿಜ್ಯ ಆಯೋಗ 1934ರ ಜುಲೈಯಲ್ಲಿ ಇಂಥ ಜಾಹೀರಾತುಗಳ ವಿರುದ್ಧ ಆದೇಶ ಹೊರಡಿಸಿತು. 1937ರ ಜನವರಿಯ ನಂತರ ಅವನ್ನು ಹೊತ್ತ ಡಬ್ಬಿಗಳನ್ನು ಸಾಗಣೆಗೆ ತೆಗೆದುಕೊಳ್ಳುವಂತಿರಲಿಲ್ಲ. ಹೀಗಿರುವಾಗ 1950ರ ಡೀಸೆಲ್ ಎಂಜಿನ್ ಹಿಂದೆ ಅಂಥ ಡಬ್ಬಿ ಓಡಿಸಿದರೆ ಚರಿತ್ರೆಗೆ ಅಪಚಾರ. ಸಾಂಟಾ ಫೆ ರೈಲ್ವೆಯ ರೀಫರುಗಳು 1940ರ ನಂತರ ಕೆಲವು ವರ್ಷ ಒಂದು ಮೈಮೇಲೆ ತಮ್ಮ ಮಾರ್ಗದ ನಕ್ಷೆಯನ್ನೂ ಇನ್ನೊಂದರ ಮೇಲೆ ಪ್ರಯಾಣಿಕ ರೈಲುಗಳ ಹೆಸರನ್ನೂ ಹೊತ್ತವು; ನಕ್ಷೆ ಕಂಡರೆ ದಶಕ ತಿಳಿಯಿತು. ಪೆಸಿಫಿಕ್ ಫ್ರೂಟ್ ಎಕ್ಸ್‌ಪ್ರೆಸ್ ಪೂರ್ತಿ ಉಕ್ಕಿನ ಡಬ್ಬಿಗೆ ಹೊರಳಿದ್ದು 1936ರಲ್ಲಿ. ಅದಕ್ಕೂ ಮುಂಚಿನ ಡಬ್ಬಿಯ ಮೈಯಲ್ಲಿ ಮರದ ಹಲಗೆಯ ನೇರ ಗೆರೆಗಳು ಕಾಣಲೇಬೇಕು. 1949ರಿಂದ ಯಂತ್ರದ ತಂಪಿನ ಡಬ್ಬಿಗಳು ಬರತೊಡಗಿ, ಮುಂದಿನ ಎರಡು ದಶಕಗಳಲ್ಲಿ ಐಸಿನ ಅಟ್ಟಗಳು ಒಂದೊಂದಾಗಿ ಮುಚ್ಚಿದವು. ಈ ವಿವರಗಳನ್ನು ಹುಡುಕುವವರಿಗೆ ಆಂಥನಿ ಥಾಂಪ್ಸನ್ ಮತ್ತು ಸಂಗಡಿಗರು 1992ರಲ್ಲಿ ತಂದ ‘ಪೆಸಿಫಿಕ್ ಫ್ರೂಟ್ ಎಕ್ಸ್‌ಪ್ರೆಸ್’ ಗ್ರಂಥ ಇಂದಿಗೂ ಮೊದಲ ಆಸರೆ.

ಇನ್ನು ನಮ್ಮ ಕಡೆಯ ಕತೆ. ಮುಂಬಯಿಯ ಹಳಿಗಳಲ್ಲಿ ಐಸು ಹೆಸರು ಮಾಡಿದ್ದು ಸರಕಿನ ಡಬ್ಬಿಯಲ್ಲಲ್ಲ, ಸಾಹೇಬರ ಡಬ್ಬಿಯಲ್ಲಿ. 1928ರ ಸೆಪ್ಟೆಂಬರ್ 1ರಂದು ಹೊರಟ ಫ್ರಾಂಟಿಯರ್ ಮೇಲ್ ರೈಲಿಗೆ 1934ರಲ್ಲಿ ತಂಪಿನ ಡಬ್ಬಿ ಸೇರಿತು. ನೆಲಹಾಸಿನ ಅಡಿಯ ಪೆಟ್ಟಿಗೆಗಳಲ್ಲಿ ಐಸಿನ ದಿಮ್ಮಿ, ಅದರ ಮೇಲಿಂದ ಗಾಳಿ ಊದುವ ಪಂಖ. ದಾರಿಯ ನಿಲ್ದಾಣಗಳಲ್ಲಿ ಕರಗಿದ್ದನ್ನು ತೆಗೆದು ಹೊಸ ಐಸು ತುಂಬುತ್ತಿದ್ದರು. ಅಮೆರಿಕದಲ್ಲಿ ಲೆಟಿಸ್ ಸೊಪ್ಪಿಗೆ ಸಿಕ್ಕ ಉಪಚಾರ ಇಲ್ಲಿ ಮೊದಲ ದರ್ಜೆಯ ಪ್ರಯಾಣಿಕರಿಗೆ ಸಿಕ್ಕಿತು.

ಸರಕಿನ ವಿಷಯದಲ್ಲಿ ಮುಂಬಯಿಗೆ ತಂಪು ಅನಿವಾರ್ಯವಾದದ್ದು ಹಾಲಿನಿಂದ. 1942ರಲ್ಲಿ ಎ. ರಾಮ ನಾಯಕರು ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಕಾಲಕ್ಕೆ ಊರಿನ ಹಾಲು ಬಹುಪಾಲು ನಗರದೊಳಗಿನ ಎಮ್ಮೆ ತಬೇಲಾಗಳಿಂದ ಬರುತ್ತಿತ್ತು. ಕಾಫಿ, ಮೊಸರು, ಮಜ್ಜಿಗೆಯ ಮೇಲೆ ನಿಂತ ಕನ್ನಡಿಗರ ಹೋಟೆಲು ಉದ್ದಿಮೆಗೆ ಅದೇ ಜೀವಾಳ. 1945ರಲ್ಲಿ ಸರ್ಕಾರ ಬಾಂಬೆ ಮಿಲ್ಕ್ ಸ್ಕೀಮ್ ಆರಂಭಿಸಿ, 427 ಕಿ.ಮೀ. ದೂರದ ಆನಂದ್‌ನಿಂದ ಹಾಲು ತರುವ ಏಕಸ್ವಾಮ್ಯವನ್ನು ಪೋಲ್ಸನ್ ಕಂಪನಿಗೆ ಕೊಟ್ಟಿತು. ಪಾಶ್ಚರೀಕರಿಸಿದ ಹಾಲಿನ ಕ್ಯಾನುಗಳಿಗೆ ಗೋಣಿತಾಟು ಸುತ್ತಿ, ತಣ್ಣೀರು ಸುರಿದು ಕಳಿಸಿದ್ದೇ ಮೊದಲ ಪ್ರಯೋಗ. ಆ ಏಕಸ್ವಾಮ್ಯದ ವಿರುದ್ಧ ಆನಂದ್ ಸುತ್ತಲಿನ ಖೇಡಾ ಜಿಲ್ಲೆಯ ರೈತರು ಹಾಲು ನಿಲ್ಲಿಸಿದರು. 1946ರ ಡಿಸೆಂಬರ್ 14ರಂದು ಅವರ ಸಹಕಾರಿ ಸಂಘ ನೋಂದಣಿಯಾಯಿತು. 1948ರ ಜೂನ್‌ನಿಂದ ಸಂಘವೇ ಮುಂಬಯಿಗೆ ಹಾಲು ಕಳಿಸಿತು. ಇಂದಿನ ಅಮುಲ್‌ನ ಬೇರು ಈ ರೈಲು ಸಾಗಣೆಯಲ್ಲಿದೆ.

ಹಾಗಿದ್ದೂ ಅಮೆರಿಕದಂತೆ ಸಾವಿರಗಟ್ಟಲೆ ಶೀತಲ ಡಬ್ಬಿಗಳು ಇಲ್ಲಿ ಹುಟ್ಟಲಿಲ್ಲ. ಚಳಿಗಾಲದಲ್ಲಿ ಎಮ್ಮೆಗಳು ಧಾರಾಳವಾಗಿ ಕರೆದಾಗ ಅಷ್ಟೂ ಹಾಲು ಮುಂಬಯಿಗೆ ಬೇಕಿರಲಿಲ್ಲ. 1955ರ ಅಕ್ಟೋಬರ್ 31ರಂದು ನೆಹರೂ ಉದ್ಘಾಟಿಸಿದ ಆನಂದ್ ಕಾರ್ಖಾನೆ ಎಮ್ಮೆ ಹಾಲನ್ನು ಪುಡಿಮಾಡಿ ಆ ಗಂಟು ಬಿಡಿಸಿತು. ಪುಡಿಗೆ ಐಸು ಬೇಡ, ಅವಸರವೂ ಬೇಡ. ಅಮೆರಿಕ ತಂಪಿನಿಂದ ಗೆದ್ದ ದೂರವನ್ನು ಭಾರತ ಬಹುಮಟ್ಟಿಗೆ ಒಣಗಿಸಿ ಗೆದ್ದಿತು ಎನ್ನಬಹುದು. 1970ರಲ್ಲಿ ಆರಂಭವಾದ ಆಪರೇಷನ್ ಫ್ಲಡ್ ಕಾಲದಲ್ಲಿ ಶಾಖ ತಡೆಯುವ ಹೊದಿಕೆಯ ರೈಲು ಹಾಲಿನ ಟ್ಯಾಂಕರುಗಳೂ ಓಡಿದವು. ಅದೇ ಬಗೆಯ ಟ್ಯಾಂಕರುಗಳ ‘ದೂಧ್ ದುರಂತೋ’ 2020ರ ಮಾರ್ಚ್ 26ರಿಂದ, ಲಾಕ್‌ಡೌನ್ ನಡುವೆ, ರೇಣಿಗುಂಟದಿಂದ ದೆಹಲಿಗೆ ಹಾಲು ಮುಟ್ಟಿಸಿತು.

ಈ ಹಾಲಿನ ಗಾಡಿಯನ್ನು ಪುಟ್ಟದಾಗಿ ಕಟ್ಟಹೊರಟವರಿಗೆ ಮೊದಲ ತೊಡಕು ಹಳಿಯದು. ಆನಂದ್–ಮುಂಬಯಿ ಮಾರ್ಗ 1,676 ಮಿ.ಮೀ.ನ ಬ್ರಾಡ್‌ಗೇಜ್; 1:87ರಲ್ಲಿ ಅದು 19.3 ಮಿ.ಮೀ. ಆಗಬೇಕು. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ 16.5 ಮಿ.ಮೀ. ಮಾತ್ರ. ಅಗಲ ಮೈಯ ಭಾರತೀಯ ಡಬ್ಬಿಯನ್ನು ಅದರ ಮೇಲೆ ನಿಲ್ಲಿಸಿದರೆ ಕಾಲು ಕೂಡಿಸಿ ನಿಂತಂತೆ ಕಾಣುತ್ತದೆ. ಬ್ರಿಟಿಷ್ ಒಒ ಅಳತೆ, ಅಂದರೆ 1:76, ಆರಿಸಿಕೊಂಡರೆ ಬೇಕಾದದ್ದು 22 ಮಿ.ಮೀ. ಅಮೆರಿಕದ ಎಸ್ ಅಳತೆಯ ಹಳಿ 22.4 ಮಿ.ಮೀ. ಇರುವುದರಿಂದ ಅದರ ಮೇಲೆ ಒಒ ಮೈ ಕೂರಿಸಿದರೆ ಕಣ್ಣಿಗೆ ಕೊರತೆ ಕಾಣದು. ಗಾಲಿಗಳನ್ನು ಕೈಯಾರೆ ಬದಲಿಸಬೇಕಾದ ಶ್ರಮವಿದೆ, ಆದರೆ ಬ್ರಾಡ್‌ಗೇಜಿನ ಗಾಂಭೀರ್ಯ ಬೇರೆ ದಾರಿಯಲ್ಲಿ ಬರುವುದಿಲ್ಲ.

ಮುಂಬಯಿಗೆ ಹತ್ತಿರದಲ್ಲಿ ಈ ಕಲೆಯನ್ನು ಕಣ್ಣಾರೆ ಕಾಣಬೇಕೆಂದರೆ ಪುಣೆಯ ಕೋಥರೂಡಿಗೆ ಹೋಗಬೇಕು. ಬಿ.ಎಸ್. ಜೋಶಿ ಅವರು ಕಟ್ಟಿದ ಪುಟಾಣಿ ರೈಲುಗಳ ಮ್ಯೂಸಿಯಂ 1998ರ ಏಪ್ರಿಲ್ 1ರಿಂದ ಅಲ್ಲಿದೆ. ಚೆಂಬೂರಿನವರಿಗೆ ಮಾತ್ರ ಟ್ಯಾಂಕರ್ ನೋಡಲು ಘಟ್ಟ ಹತ್ತಬೇಕಿಲ್ಲ: ಕುರ್ಲಾ–ಟ್ರಾಂಬೆ ಸರಕು ಹಳಿ ಊರಿನ ಮಗ್ಗುಲಲ್ಲೇ ಇದೆ. ಅಲ್ಲಿ ಬರುವುದು ತೈಲ ಮತ್ತು ರಾಸಾಯನಿಕದ ವ್ಯಾಗನ್‌ಗಳು, ಹಾಲಿನವಲ್ಲ. ಆದರೂ ಉರುಳೆಯಾಕಾರದ ಟ್ಯಾಂಕ್ ಚೌಕಟ್ಟಿನ ಮೇಲೆ ಹೇಗೆ ಕೂರುತ್ತದೆ, ಏಣಿ ಎಲ್ಲಿ ಹತ್ತುತ್ತದೆ, ಮೇಲಿನ ಮುಚ್ಚಳದ ಸುತ್ತ ಕಟಕಟೆ ಹೇಗಿದೆ ಎಂಬುದನ್ನು ಕಲಿಯಲು ಅವು ಸಾಕು.

ಹೊಸ ಕಾಲದ ಡಬ್ಬಿಯೇ ಬೇಕೆನ್ನುವವರಿಗೆ ಕಪೂರ್ಥಲಾ ಕಾರ್ಖಾನೆ ಕಟ್ಟಿದ, ತಲಾ 17 ಟನ್ ಹೊರುವ ಶೀತಲ ಪಾರ್ಸೆಲ್ ವ್ಯಾನುಗಳಿವೆ. 2020ರ ಆಗಸ್ಟ್ 7ರಂದು ನಾಸಿಕದ ದೇವಳಾಲಿಯಿಂದ ಬಿಹಾರದ ದಾನಾಪುರಕ್ಕೆ ಹೊರಟ ಮೊದಲ ಕಿಸಾನ್ ರೈಲಿನ ನಂತರ ರೈತರ ಸರಕಿನ ರೈಲುಗಳತ್ತ ಹವ್ಯಾಸಿಗಳ ಗಮನವೂ ಹರಿಯಬೇಕು. ಆದರೆ ಆಯ್ಕೆ ಒಂದೇ ಎಂದಾದರೆ 1945ರ ಪಾರ್ಸೆಲ್ ಡಬ್ಬಿಗೇ ಮೊದಲ ಮಣೆ ಸಲ್ಲಬೇಕು. ಅರೆ ತೆರೆದ ಬಾಗಿಲು, ಒಳಗೆ ಏಳೆಂಟು ಮಿ.ಮೀ. ಎತ್ತರದ ಕ್ಯಾನುಗಳು, ಅವುಗಳ ಸುತ್ತ ತೆಳು ಹತ್ತಿಬಟ್ಟೆಗೆ ಮಣ್ಣಿನ ಬಣ್ಣ ಬಳಿದು ಮಾಡಿದ ಗೋಣಿತಾಟು, ಬಾಗಿಲ ಹೊಸ್ತಿಲ ಕೆಳಗೆ ಹೊಳಪು ವಾರ್ನಿಷಿನಿಂದ ಎಳೆದ ನೀರಿನ ಕಲೆ. ಅಂಥ ಡಬ್ಬಿ ಯಾವ ಕಂಪನಿಯ ಪೆಟ್ಟಿಗೆಯಲ್ಲೂ ಸಿದ್ಧವಾಗಿ ಬರುವುದಿಲ್ಲ. ಅದನ್ನು ಕೈಯಲ್ಲೇ ಕಟ್ಟಬೇಕು.