ತಲೆಯಿಲ್ಲದ ಕಪ್ಪೆಯ ಪ್ರಶ್ನೆ

ಕನ್ನಡ ಎಂ.ಎ.ಯ ಹಾದಿ ಹಿಡಿಯುವ ಮೊದಲು ನಾನು ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ಓದಿದವನು. ಒಂದು ದಿನ ನಮ್ಮ ಅಧ್ಯಾಪಕರು ಮಿದುಳು ತೆಗೆದ ಕಪ್ಪೆಯೊಂದನ್ನು ಕೊಕ್ಕೆಗೆ ತೂಗುಹಾಕಿ, ಅದರ ತೊಡೆಗೆ ಆಮ್ಲದಲ್ಲಿ ಅದ್ದಿದ ಕಾಗದದ ಚೂರನ್ನು ಅಂಟಿಸಿದರು. ಕಪ್ಪೆ ಕಾಲೆತ್ತಿ ಆ ಚೂರನ್ನು ಒರೆಸಿಹಾಕಿತು. 'ಅದಕ್ಕೆ ನೋವಾಯಿತೆ, ಸಾರ್?' ಎಂದೆ. 'ಅದು ಪರೀಕ್ಷೆಗೆ ಬರುವ ಪ್ರಶ್ನೆಯಲ್ಲಪ್ಪ' ಎಂದು ಅವರು ನಕ್ಕರು. ಅದೇ ಪ್ರಶ್ನೆ ಯುರೋಪಿನ ಪಂಡಿತರನ್ನು ಶತಮಾನಕ್ಕೂ ಮಿಗಿಲಾಗಿ ಕಾಡಿತ್ತೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಪ್ರಾಣಿಗಳು ಆತ್ಮವಿಲ್ಲದ ಯಂತ್ರಗಳೆಂದವನು ಫ್ರಾನ್ಸಿನ ತತ್ತ್ವಜ್ಞಾನಿ ದೆಕಾರ್ತ್. 1650ರಲ್ಲಿ ಅವನು ತೀರಿಕೊಂಡ ಮೇಲೆ ಪ್ರಕಟವಾದ ಗ್ರಂಥದಲ್ಲಿ ಒಂದು ಉಪಮೆಯಿದೆ: ಹಗ್ಗದ ಈ ತುದಿಯನ್ನೆಳೆದರೆ ಆ ತುದಿಯ ಗಂಟೆ ಬಾರಿಸುವಂತೆ, ಬೆಂಕಿ ತಾಗಿದ ಪಾದದ ಸುದ್ದಿ ಮಿದುಳಿಗೆ ಮುಟ್ಟಿ, ಪಾದ ಹಿಂದೆ ಸರಿಯುತ್ತದೆ. ಆದರೆ ಮಿದುಳೇ ಇಲ್ಲದ ಕಪ್ಪೆಯೂ ಕಾಲೆಳೆದುಕೊಳ್ಳುತ್ತದಲ್ಲ! ಎಡಿನ್‌ಬರೋದ ವೈದ್ಯ ರಾಬರ್ಟ್ ವಿಟ್ 1751ರಲ್ಲಿ ಇದನ್ನು ಚರ್ಚಿಸಿದ. ಬೆನ್ನುಹುರಿ ಇರುವತನಕ ಚಲನೆಯುಂಟು, ಅದನ್ನು ನಾಶಪಡಿಸಿದರೆ ಇಲ್ಲ. ಆದರೂ ಅವನು ಇದನ್ನು ಯಂತ್ರವೆನ್ನಲೊಪ್ಪದೆ, ಸಂವೇದನೆಯುಳ್ಳ ಚೈತನ್ಯದ ಕೆಲಸವೆಂದ. 1833ರಲ್ಲಿ ಇಂಗ್ಲೆಂಡಿನ ಮಾರ್ಷಲ್ ಹಾಲ್, ಬೆನ್ನುಹುರಿಯ ಮೂಲಕ ನಡೆಯುವ ಈ ಪರಾವರ್ತಿತ ಕ್ರಿಯೆಗೆ ಅರಿವೂ ಬೇಡ, ಇಚ್ಛೆಯೂ ಬೇಡ ಎಂದು ಸಾರಿದ.

ವಿವಾದ ಅಲ್ಲಿಗೆ ಮುಗಿಯಲಿಲ್ಲ. 1853ರಲ್ಲಿ ಜರ್ಮನಿಯ ಫ್ಲೂಗರ್, ತಲೆಯಿಲ್ಲದ ಕಪ್ಪೆಯ ತೊಡೆಗೆ ಆಮ್ಲ ಸವರಿ, ಒರೆಸಿಕೊಳ್ಳಬೇಕಾದ ಪಾದವನ್ನೇ ಕತ್ತರಿಸಿಬಿಟ್ಟ. ಮೋಟುಕಾಲು ತಡಕಾಡಿ ಸೋತಮೇಲೆ ಕಪ್ಪೆ ಇನ್ನೊಂದು ಕಾಲಿನಿಂದ ಒರೆಸಿಕೊಂಡಿತು! ಹಾಗಾದರೆ ಬೆನ್ನುಹುರಿಗೂ ಒಂದು ಅರಿವುಂಟೆಂದು ಅವನು ವಾದಿಸಿದ.

ಉತ್ತರ ಹುಡುಕಿದವನು ಗೋಲ್ಟ್ಸ್, 1869ರಲ್ಲಿ. ಅವನು ಕಪ್ಪೆಗಳನ್ನು ನೀರಿನಲ್ಲಿಟ್ಟು ಮೆಲ್ಲಮೆಲ್ಲನೆ ಕಾಯಿಸಿದ. ಮಿದುಳುಳ್ಳ ಕಪ್ಪೆ ತಪ್ಪಿಸಿಕೊಳ್ಳಲು ಒದ್ದಾಡಿತು. ಮಿದುಳಿಲ್ಲದ್ದು ಕದಲದೆ ಕುಳಿತೇ ಸತ್ತಿತು. ತಟ್ಟನೆ ತಾಗಿದ್ದಕ್ಕೆ ಓಗೊಡುವ ಬೆನ್ನುಹುರಿಗೆ, ಬರುತ್ತಿರುವ ಸಾವಿನ ಸುಳಿವು ಹತ್ತಲಿಲ್ಲ. ಮುಂದೆ ಷೆರಿಂಗ್ಟನ್ 1906ರ ತನ್ನ ಮಹಾಗ್ರಂಥದಲ್ಲಿ, ಇಂಥ ಸಣ್ಣ ಸಣ್ಣ ಕ್ರಿಯೆಗಳನ್ನು ನರಮಂಡಲ ಹೇಗೆ ತಡೆದು, ಜೋಡಿಸಿ, ಒಂದು ನಡೆಯಾಗಿ ಹೆಣೆಯುತ್ತದೆಂದು ವಿವರಿಸಿದ. 1932ರಲ್ಲಿ ಏಡ್ರಿಯನ್‌ನೊಡನೆ ನೊಬೆಲ್ ಪಾರಿತೋಷಕ ಪಡೆದ.

ಕಾದ ಕಾವಲಿಗೆ ಕೈ ತಗುಲಿದಾಗ ನಮ್ಮಲ್ಲಿ ಆಗುವುದೂ ಇದೇ. ಚರ್ಮದ ಸುದ್ದಿ ಬೆನ್ನುಹುರಿ ಸೇರಿ ಅಲ್ಲಿಂದಲೇ ಸ್ನಾಯುವಿಗೆ ಅಪ್ಪಣೆಯಾಗುತ್ತದೆ. ಕೈ ಮೊದಲು ಹಿಂದೆ ಬರುತ್ತದೆ, 'ಅಯ್ಯೋ' ಎಂಬ ಉದ್ಗಾರ ಆಮೇಲೆ. ಆ 'ಅಯ್ಯೋ' ಮಿದುಳಿನದು.

ಹೀಗೆ ನನ್ನ ಪ್ರಶ್ನೆಗೆ ಉತ್ತರ ದೊರೆಯಿತು. ಕೊಕ್ಕೆಯಲ್ಲಿ ತೂಗುತ್ತಿದ್ದ ಕಪ್ಪೆಗೆ ನೋವಾಗಿರಲಾರದು. ಆದರೂ ಮನಸ್ಸಿಗೆ ಸಮಾಧಾನವಾಗಿಲ್ಲ. ಗೋಲ್ಟ್ಸನ ಪಾತ್ರೆಯಲ್ಲಿ ಒದ್ದಾಡಿದ ಇನ್ನೊಂದು ಕಪ್ಪೆ ಕಣ್ಣಮುಂದೆ ಬರುತ್ತದೆ. ಅಂದು ನಾನು ಕೇಳಬೇಕಾಗಿದ್ದದ್ದು ಆಮ್ಲದ ಮಾತನ್ನಲ್ಲ, ಮಿದುಳು ತೆಗೆಯುವ ಮುಂಚಿನ ಗಳಿಗೆಯ ಮಾತನ್ನು.